ಬಿಟ್ಟುಹೋದ ‘ಸ’ಕಾರ

“ಇನ್ನೊಮ್ಮೆ ಹಚ್ರಿ,” ಎಂದಳು ವೃಂದಾ.

ನಾಲ್ಕನೆಯ ಸಲ ಮೊಬೈಲ್ ಒತ್ತಿದೆ. ಮುದ್ದೇಬಿಹಾಳದ ಆ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಸದ್ದಾಗುತ್ತದೆಂದು ಅವಳೇ ಎದ್ದು ಫ್ಯಾನ್ ಬಂದ್ ಮಾಡಿದ್ದಳು.

ಮೊದಲು ಇಂಡಿ ತಾಲೂಕಾ ಆಸ್ಪತ್ರೆಯ ಡಾಕ್ಟರ ದನಿ: “ಮಾಸ್ತರ, ಎಲ್ಲೆ ಆತ್ರಿ ಇದು? ಯಾವ ಜಾಗಾದಾಗ?” ಆಮೇಲೆ ಏದುಸಿರು. ಆಮೇಲೆ ಸಾಯುತ್ತಿರುವ ಮನುಷ್ಯನ ಬಾಯಿಂದ, “ಸ್… ಪಕ್ಷ.” ಮತ್ತೊಮ್ಮೆ, “ಸ್… ಪಕ್ಷ.” ಅಷ್ಟೇ. ಎಲ್ಲ ಸೇರಿ ಹದಿನೈದು ಸೆಕೆಂಡು.

ಸಾಲೋಟಗಿಯ ವಾಸುದೇವ ಮಾಸ್ತರರು ನಲವತ್ತು ವರ್ಷ ಸಂಸ್ಕೃತ ಕಲಿಸಿದವರು. ತಲೆಗೆ ಪೆಟ್ಟು ಬಿದ್ದು ಸಾಯುವ ಮುಂಚೆ ಅವರು ಆಡಿದ್ದು ಈ ಒಂದೇ ಮಾತು. ಇದನ್ನು ಹಿಡಿದುಕೊಂಡು ನಾನು, ಸರ್ಕಲ್ ಇನ್‌ಸ್ಪೆಕ್ಟರ್ ಜಯಮಾಲಾ, ಹದಿನಾಲ್ಕು ದಿನದಿಂದ ಒದ್ದಾಡುತ್ತಿದ್ದೆ. ಒದ್ದಾಡುತ್ತಿದ್ದೆ ಅನ್ನುವುದೂ ಸುಳ್ಳೇ. ಮೂರನೆಯ ದಿನವೇ ಎಲ್ಲ ತಿಳಿದವಳ ಹಾಗೆ ಒಬ್ಬನನ್ನು ಒಳಗೆ ಹಾಕಿದ್ದೆ.

ಆ ಡಾಕ್ಟರ್ ಸಂಜೀವಕುಮಾರ ತಮ್ಮ ಕಾಗದದಲ್ಲಿ ‘ಪಕ್ಷ’ ಎಂದಷ್ಟೇ ಬರೆದಿದ್ದರು. ಮೈಯ ಒಂದು ಪಕ್ಕ ಸ್ವಾಧೀನ ತಪ್ಪಿದೆ, ಪಕ್ಷವಾತ ಬಡಿದಿದೆ ಎಂದು ರೋಗಿ ಹೇಳುತ್ತಿದ್ದಾನೆಂಬುದು ಅವರ ಎಣಿಕೆ. ನನಗೆ ಅದು ಸಾಲಲಿಲ್ಲ. ಸಿಂದಗಿಯಲ್ಲಿ ವಕೀಲನಾಗಿರುವ ಮಾಸ್ತರರ ಒಬ್ಬನೇ ಮಗ ಕೌಸ್ತುಭನಿಗೆ ಕೇಳಿಸಿದೆ. ಅವನು ಕಣ್ಣೊರೆಸಿಕೊಂಡು, ಪಕ್ಷ ಅಂದರೆ ಪಕ್ಷಗಾರ, ದಾವೆಯ ಪಾರ್ಟಿ. ‘ಎದುರು ಪಕ್ಷದವನು’ ಅನ್ನಲು ಹೋಗಿ ಅಪ್ಪನಿಗೆ ಉಸಿರು ಸಾಲಲಿಲ್ಲ ಎಂದ.

ಮಾಸ್ತರರು ಬಿದ್ದಿದ್ದು ಅವರ ಹೊಲದ ಬಾವಿಯ ಮೆಟ್ಟಿಲ ಮೇಲೆ. ಆ ಬಾವಿಯ ನೀರಿಗಾಗಿ ಅವರ ಮೇಲೆ ದಾವೆ ಹಾಕಿದವನು ಪಕ್ಕದ ನಿಂಬೆ ತೋಟದ ಇಜಾಜ. ಎದುರು ಪಕ್ಷ ಸಿಕ್ಕೇಬಿಟ್ಟಿತು. ಬಿದ್ದವರನ್ನು ಮೊದಲು ಕಂಡು ತನ್ನ ಟಂಟಂ ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದವನೂ ಅವನೇ. ಅದನ್ನೂ ನಾನು ಅವನ ವಿರುದ್ಧವೇ ಬರೆದೆ.

ಈಗ ಇಜಾಜ ಜೈಲಿನಲ್ಲಿ ಅನ್ನ ಬಿಟ್ಟು ಆರು ದಿನ. “ಅಕ್ಷರಾ ಕಲಿಸಿದ ಮಾಸ್ತರನ್ನ ಹೊಡದಾನ ಅಂತ ಬರದೀರಿ. ಅದನ್ನ ಅಳಸೂತನಾ ನಿಮ್ಮ ಅನ್ನ ನನಗ ಹರಾಮ,” ಅಂದಿದ್ದಾನೆ. ಸಕ್ಕರೆ ಕಾಯಿಲೆಯವನು. ಜೈಲಿಗೆ ಹೋಗಿ ನೋಡುವವರೂ ಸಂಜೀವಕುಮಾರರೇ. ಇನ್ನು ಎರಡು ದಿನ ಮ್ಯಾಡಮ್, ಆಮೇಲೆ ನನ್ನ ಕೈಯಾಗ ಏನೂ ಇಲ್ಲ ಎಂದು ಬೆಳಿಗ್ಗೆ ಹೇಳಿದ್ದರು. ನಾಳೆ ಸೆಷನ್ಸ್ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ. ನಾಳೆ ತಪ್ಪಿದರೆ ಕೋರ್ಟಿಗೆ ದಸರಾ ರಜೆ. ಜಾಮೀನಿಗೆ ತಕರಾರು ಬರೆದವಳೂ ನಾನೇ.

ಅದೇ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. “ತಲಿಗೆ ಹಂಗ ಪೆಟ್ಟು ಬಿದ್ದವರಿಗೆ ಬೇಕಾದ ಶಬ್ದ ಸಿಗಂಗಿಲ್ರಿ. ಚಮಚಾ ಅನ್ನಾಕ ಹೋಗಿ ತಾಟ ಅಂತಾರ. ಅದರ ಬಾಜೂದ್ದು ಬಾಯಿಗೆ ಬರ್ತೈತಿ. ಈ ಮಾಸ್ತರ ತಲ್ಯಾಗ ಏನೇನು ಬಾಜೂ ಬಾಜೂ ಇತ್ತೋ, ಅವರ ಕಡೆ ಕಲಿತವರನ್ನ ಕೇಳ್ರಿ.”

ನಮ್ಮ ಜೀಪಿನ ಡ್ರೈವರ್ ರೇವಪ್ಪನಿಗೆ ನೆನಪಾಯಿತು. ಮುದ್ದೇಬಿಹಾಳದಲ್ಲಿ ತರ್ಕಶಾಸ್ತ್ರ ಹೇಳುವ ವೃಂದಾ ಮ್ಯಾಡಮ್ ಮಾಸ್ತರರ ಶಿಷ್ಯೆ. ಹಾಗೆ ಇಲ್ಲಿಗೆ ಬಂದಿದ್ದೆ. ಹದಿಮೂರು ದಿನ ರಜೆಯಲ್ಲಿದ್ದು ಇವತ್ತೇ ಡ್ಯೂಟಿಗೆ ಬಂದಿದ್ದಾರೆ, ನಿಮ್ಮ ನಸೀಬು ಚಲೋ ಐತಿ ಎಂದು ಪ್ಯೂನ್ ಹೇಳಿದ್ದ.

“‘ಪಕ್ಷ’ ಅಂತ ಬರಕೊಂಡೀರಿ,” ಎಂದಳು ವೃಂದಾ. “‘ಸ’ ಎಲ್ಲೆ ಹೋತು?”

“ಅದು ಉಸಿರ್ರಿ. ಬಾಯಿ ಸೊಟ್ಟ ಆಗಿತ್ತು. ಹಲ್ಲಿನ ಸಂದಿಲೆ ಗಾಳಿ ಬಂದೈತಿ ಅಂತ ಡಾಕ್ಟರು ಅಂದ್ರು.”

“ಉಸಿರು ಎರಡೂ ಸಲ ಅದಽ ಜಾಗಾದಾಗ, ಅಷ್ಟಽ ಉದ್ದ ಬರ್ತದೇನ್ರಿ? ಅದು ಸಕಾರ. ಅವರು ಅಂದಿದ್ದು ಸಪಕ್ಷ.”

“ಸಪಕ್ಷ ಅಂದ್ರ? ನಮ್ಮ ಪಕ್ಷದವರು ಅಂತನ?”

“ಕೋರ್ಟಿನ್ಯಾಗ ಹಂಗ ಇರಬಹುದು. ಮಾಸ್ತರು ಕೋರ್ಟಿನ ಪಾವಟಿಗಿ ಹತ್ತಿದ್ದಽ ಆ ಬಾವಿ ಕೇಸಿಗೆ. ತರ್ಕದಾಗ ಅದು ಬ್ಯಾರೆ.”

ಎದ್ದು ಹೋಗಿ ಟೈಂಟೇಬಲ್ ಬರೆದಿದ್ದ ಹಲಗೆಯ ಮೂಲೆಯಲ್ಲಿ ಒಂದು ಬೆಟ್ಟ ತೆಗೆದಳು. ಅದರ ಮೇಲೆ ಸುರುಳಿ ಹೊಗೆ.

“ಬೆಟ್ಟದ ಮ್ಯಾಲ ಹೊಗಿ ಕಾಣ್ತದ. ಬೆಂಕಿ ಕಾಣಂಗಿಲ್ಲ. ಹೊಗಿ ಅದ ಅಂದ್ಮ್ಯಾಲ ಬೆಂಕಿ ಅದ ಅಂತ ನಾವು ಊಹಾ ಮಾಡ್ತೇವಿ. ಯಾವ ಜಾಗಾದ ಬಗ್ಗೆ ಸಂಶಯ ಅದನೋ, ಆ ಬೆಟ್ಟ, ಅದು ಪಕ್ಷ. ಬೆಂಕಿ ಇಲ್ಲಽ ಇಲ್ಲ ಅಂತ ಖಾತ್ರಿ ಇರೋ ಜಾಗಾ ವಿಪಕ್ಷ. ಕೆರಿ ಇದ್ದಂಗ. ಇನ್ನ, ಬೆಂಕಿ ಇದ್ದಽ ಅದ ಅಂತ ಎಲ್ಲಾರಿಗೂ ಗೊತ್ತಿರೋ ಜಾಗಾ ಸಪಕ್ಷ.”

“ಅದು ಯಾವುದು?”

“ಅಡಗಿಮನಿ,” ಎಂದಳು. “ಬೆಟ್ಟ, ಅಡಗಿಮನಿ, ಕೆರಿ. ಎಲ್ಲಾ ಪುಸ್ತಕದಾಗೂ ಇವಽ ಮೂರು. ಮಾಸ್ತರು ನಲವತ್ತು ವರ್ಷ ಇದನ್ನಽ ಹೇಳ್ಯಾರ. ಅಡಗಿಮನಿ ಅನ್ನೋ ಶಬ್ದ ಸಿಗದಿದ್ರ ಅವರ ಬಾಯಿಗೆ ಬ್ಯಾರೆ ಏನು ಬರಬೇಕು?”

ನನ್ನ ಪುಸ್ತಕದಲ್ಲಿ ‘ಪಕ್ಷ’ದ ಹಿಂದೆ ಒಂದು ‘ಸ’ ಸೇರಿಸಿದೆ.

“ಡಾಕ್ಟರು ಕೇಳಿದ್ದು ‘ಎಲ್ಲೆ’ ಅಂತ. ಅವರು ‘ಎಲ್ಲೆ’ ಅನ್ನೋದಕ್ಕಽ ಉತ್ತರಾ ಕೊಟ್ಟಾರ. ನೀವು ಅದನ್ನ ‘ಯಾರು’ ಅಂತ ಓದಿದ್ರಿ.”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯವಾಯಿತು. ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಪ್ರಶ್ನೆ ಏನಿತ್ತೆಂದು ನೋಡದೆ ಉತ್ತರ ಓದಿದ್ದೆ.

ಮೊಬೈಲಿನಲ್ಲಿ ಇನ್ನೊಂದು ಫೋಟೊ ತೆಗೆದು ತೋರಿಸಿದೆ. ಮಾಸ್ತರರ ಮೈಮೇಲಿದ್ದ ವಸ್ತುಗಳು: ಪಂಚೆ, ಕನ್ನಡಕ, ಬಲಗೈ ಬೆರಳಲ್ಲಿದ್ದ ಒಂದು ಹುಲ್ಲಿನ ಉಂಗುರ. ಪಂಚನಾಮೆಯಲ್ಲಿ ‘ಹುಲ್ಲಿನ ಉಂಗುರ, ಒಂದು’ ಎಂದೇ ಬರೆಸಿದ್ದೆ. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಶ್ರಾದ್ಧ ಪಕ್ಷ ಯಾವುದೂ ಇಲ್ಲ. ಹೊಲದ ಕಡೆ ಹೋದವರು ಸುಮ್ಮನೆ ಕೈಯಾಡಿಸುತ್ತ ಸುತ್ತಿಕೊಂಡಿರಬೇಕು ಅಂದುಕೊಂಡಿದ್ದೆ.

ವೃಂದಾ ಬೆರಳಿನಿಂದ ಫೋಟೊ ದೊಡ್ಡದು ಮಾಡಿ ನೋಡಿದಳು.

“ದರ್ಭೆಯ ಪವಿತ್ರ,” ಎಂದಳು. “ಅವತ್ತು ಅವರ ತಂದಿ ಪಕ್ಷ. ಮಹಾಲಯದ ತಿಥಿ. ನಮ್ಮಲ್ಲೆ ಅದಕ್ಕೂ ಪಕ್ಷ ಅಂತಾರ. ಪವಿತ್ರ ಬೆರಳಾಗ ಅದ ಅಂದ್ರ ಕರ್ಮ ಅರ್ಧಕ್ಕ ಅದ ಅಂತ ಅರ್ಥ. ಮುಗದ ಮ್ಯಾಲ ಬಿಚ್ಚಿ ಹಾಕ್ತಾರ. ಅದನ್ನ ತೊಟ್ಟುಕೊಂಡು ಯಾರೂ ಹೊಲಕ್ಕ ನಡದು ಹೋಗಂಗಿಲ್ಲ.”

ಅಂದರೆ ಮಾಸ್ತರರು ನಡೆದು ಹೋಗಲಿಲ್ಲ. ಅಡುಗೆಮನೆಯಲ್ಲಿ ಪೆಟ್ಟು ತಿಂದವರನ್ನು ಯಾರೋ ಬಾವಿಗೆ ಸಾಗಿಸಿದ್ದರು.

“ಸಪಕ್ಷ ಅಂದ್ರ ಇದು ಅಂತ ಇನ್ನ ಯಾರಿಗೆ ಗೊತ್ತಿತ್ರಿ?” ಎಂದೆ.

“ಮಾಸ್ತರ ಹತ್ರ ತರ್ಕ ಪೂರ್ತಿ ಕಲಿತವರು ಇಬ್ಬರಽ. ನಾನು, ಕೌಸ್ತುಭ. ವಕೀಲಕಿ ಓದೋಕಿಂತಾ ಎಷ್ಟೋ ಮೊದಲಽ ಅವರಿಗೆ ಇದು ಬಾಯಿಪಾಠ ಇತ್ತು.”

ಕಣ್ಣೊರೆಸಿಕೊಂಡ ಕೌಸ್ತುಭನ ಮುಖ ಕಣ್ಣ ಮುಂದೆ ಬಂತು. ಎಲ್ಲ ಅರ್ಥ ಗೊತ್ತಿದ್ದವನು ನನಗೆ ಒಂದನ್ನೇ ಆರಿಸಿ ಕೊಟ್ಟಿದ್ದ. ನಾನು ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಬಂದಿದ್ದೆ.

ಏಳುವಾಗ, ಕೇಳಬೇಕಲ್ಲ ಎಂದು ಕೇಳಿದೆ. “ನೀವು ಕಡೀಕ ಮಾಸ್ತರ ಮನಿಗೆ ಯಾವಾಗ ಹೋಗಿದ್ರಿ?”

ಅವಳು ಹಲಗೆಯ ಮೇಲಿನ ಬೆಟ್ಟ ಒರೆಸುತ್ತಿದ್ದಳು. “ಶಿಷ್ಯಳಾಗಿ ಆ ಮನಿಗೆ ಹೋಗಿ ಎರಡು ವರ್ಷ ಆತ್ರಿ.”

ಒಂದು ಅಕ್ಷರ ಬಿಟ್ಟು ಕೆಟ್ಟವಳು ನಾನು. ಈ ಸಲ ಅಕ್ಷರಕ್ಕಕ್ಷರ ಬರೆದುಕೊಂಡೆ. ಬೆಟ್ಟ ಅಳಿಸಿಹೋದ ಮೇಲೂ ಅವಳು ಅದೇ ಜಾಗ ಒರೆಸುತ್ತಲೇ ಇದ್ದಳು. ಗುರುವನ್ನು ಕಳೆದುಕೊಂಡ ಸಂಕಟ ಎಂದುಕೊಂಡು ಹೊರಬಿದ್ದೆ.

*

ತಾಳಿಕೋಟಿ ದಾಟುವವರೆಗೂ ರೇವಪ್ಪ ಸುಮ್ಮನಿದ್ದ. ಅವನು ಸುಮ್ಮನಿದ್ದರೆ ನನಗೆ ಸಿಟ್ಟು ಬರುತ್ತದೆ.

“ಹೇಳೋದು ಇದ್ರ ಹೇಳಿಬಿಡು,” ಎಂದೆ.

“ಏನಿಲ್ರಿ ಮ್ಯಾಡಮ್. ಅವತ್ತು ಪಂಚನಾಮೆಕ್ಕ ಹೋದಾಗ ಮನಿ ಎಲ್ಲಾ ನೋಡಿದ್ವಿ. ಪಡಸಾಲಿ, ದೇವರ ಮನಿ ಬಾಗಲಾ, ಅಟ್ಟ, ಹಿತ್ತಲಾ. ಅಡಗಿಮನಿ ಒಂದು ನೋಡಲಿಲ್ರಿ.”

“ಗೊತ್ತೈತಿ.”

“ಕಂಕುಳದಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡಿಕಿದ್ರಂತ, ಹಂಗಾತ್ರಿ.”

“ಗೊತ್ತೈತಿ ಅಂದ್ನೆಲ್ಲ ರೇವಪ್ಪ.”

ಗೊತ್ತಿರದೆ ಏನು. ಆ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಮಾಸ್ತರರ ಹೆಂಡತಿ ರುಕ್ಮಿಣೀಬಾಯಿ ನಿಂತಿದ್ದರು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್. ಮೆತ್ತಗಿನ ದನಿಯಲ್ಲಿ, “ಒಳಗ ಮಡಿ ಅದರಿ. ನಿಮ್ಮ ಬೆಲ್ಟು, ಬೂಟು ಚರ್ಮದ್ದು,” ಅಂದರು. ಗಂಡ ಆಸ್ಪತ್ರೆಯಲ್ಲಿ ಸಾಯುತ್ತಿರುವ ಹೆಂಗಸು. ಅವರ ಮನೆಯ ರೀತಿ ಮುರಿಯಲು ನನಗೆ ಮನಸ್ಸಾಗಲಿಲ್ಲ. ಹೊಸ್ತಿಲಿಗೆ ಕೈ ಮುಗಿದು ತಿರುಗಿ ಬಂದಿದ್ದೆ. ಎಷ್ಟು ತಿಳಿವಳಿಕೆಯ ಅಧಿಕಾರಿ ಎಂದು ಊರವರು ಹೊಗಳಿದ್ದೂ ಕಿವಿಗೆ ಬಿದ್ದಿತ್ತು, ಖುಷಿಯೂ ಆಗಿತ್ತು.

ಆ ಒಳ್ಳೆಯತನದ ಖರ್ಚನ್ನು ಜೈಲಿನಲ್ಲಿ ಇಜಾಜ ಕೊಡುತ್ತಿದ್ದ. ಪಕ್ಷದ ದಿನ ಮಡಿಯಲ್ಲಿದ್ದವರ ಹೊರತು ಆ ಅಡುಗೆಮನೆಗೆ ಮಗನೇ ಕಾಲಿಡುವಂತಿಲ್ಲ ಅಂದಮೇಲೆ ಇಜಾಜನ ಮಾತೆಲ್ಲಿ ಬಂತು.

ಸಿಂದಗಿ ಬಂತು, ಹೋಯಿತು. ಕೌಸ್ತುಭನ ಆಫೀಸಿಗೆ ಬೀಗ. ಊರಿಗೆ ಹೋಗಿದ್ದಾನೆಂದು ಎದುರಿನ ಟೈಪಿಂಗ್ ಅಂಗಡಿಯವನು ಹೇಳಿದ. ತಾಂಬಾದ ಹತ್ತಿರ ಠಾಣೆಯಿಂದ ಫೋನ್ ಬಂತು. ಇಜಾಜನ ಹೆಂಡತಿ ತರನ್ನುಮ ಮಧ್ಯಾಹ್ನದಿಂದ ಕಟ್ಟೆಯ ಮೇಲೆ ಕೂತಿದ್ದಾಳೆ, ನಾಳೆ ಮ್ಯಾಡಮ್ ಕೋರ್ಟಿಗೆ ಏನು ಹೇಳುತ್ತಾರೆಂದು ಕೇಳುತ್ತಿದ್ದಾಳೆ. ಅವಳಿಗೆ ಚಹಾ ಕೊಡಿಸಿ ಎಂದೆ. ಕುಡಿಯಲೊಲ್ಲಳಂತೆ. ಗಂಡ ಉಣ್ಣುವವರೆಗೂ ತಾನೂ ಮುಟ್ಟುವುದಿಲ್ಲವಂತೆ.

*

ಸಾಲೋಟಗಿ ತಲುಪಿದಾಗ ಐದು ಗಂಟೆ. ಹಿಂದಿನ ದಿನವಷ್ಟೇ ಹದಿಮೂರನೆಯ ದಿನದ ಸಮಾರಾಧನೆ ಮುಗಿದಿತ್ತು. ಅಂಗಳದಲ್ಲಿ ಬಾಳೆ ಎಲೆಯ ರಾಶಿ ಹಾಗೇ ಬಿದ್ದಿತ್ತು.

ಕೌಸ್ತುಭ ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದ. ತಲೆ ಬೋಳಿಸಿದ್ದರಿಂದ ಹತ್ತು ವರ್ಷ ಹೆಚ್ಚಾದವನಂತೆ ಕಂಡ. ನನ್ನನ್ನು ನೋಡಿ ಏಳಲಿಲ್ಲ.

“ಸಪಕ್ಷ ಅಂದ್ರೇನ್ರಿ ವಕೀಲರ?” ಎಂದೆ, ನಿಂತುಕೊಂಡೇ.

ಜೋಕಾಲಿ ನಿಂತಿತು.

“ಮುದ್ದೇಬಿಹಾಳಕ್ಕ ಹೋಗಿದ್ರೇನು?”

“ನಾ ಕೇಳಿದ್ದು ಅದಲ್ಲ.”

“ನೀವು ಅವತ್ತು ಬಂದಾಗ ‘ಪಕ್ಷ ಅಂದ್ರೇನ್ರಿ’ ಅಂತ ಕೇಳಿದ್ರಿ. ಹೇಳಿದೆ. ಸಪಕ್ಷ ಅಂದ್ರೇನು ಅಂತ ಕೇಳ್ಲಿಲ್ಲ.”

“ನಿಮ್ಮ ಅಪ್ಪ ಅಂದಿದ್ದು ನಿಮ್ಮ ಕಿವಿಗೆ ಬಿದ್ದಿತ್ತು.”

“ಕಿವಿಗೆ ಏನು ಬಿತ್ತು ಅನ್ನೋದು ಕಾಗದದ ಮ್ಯಾಲ ಇಲ್ಲಲ್ರಿ. ಅಲ್ಲೆ ಪಕ್ಷ ಅಂತಽ ಅದ.”

ಅಡ್ಡಗೋಡೆಯ ಮೇಲೆ ದೀಪ ಇಡುವುದು ವಕೀಲರಿಗೆ ಕಲಿಸಬೇಕಾಗಿಲ್ಲ. ಆದರೆ ಅವನ ದನಿಯಲ್ಲಿ ಕಸುವಿರಲಿಲ್ಲ.

“ಅಲ್ಲೆ ಒಬ್ಬಾಂವ ಸಾಯಾಕತ್ತಾನ,” ಎಂದೆ.

“ನಾಳೆ ಅವಗ ಜಾಮೀನು ಸಿಗ್ತದಂತ ತಿಳದಿದ್ದೆ. ಆಮ್ಯಾಲ ಕೇಸು ತಾನಽ ಬಿದ್ದು ಹೋಗ್ತಿತ್ತು. ಸಾಕ್ಷಿ ಎಲ್ಲೆ ಅದ?”

“ಜಾಮೀನು ಸಿಗಂಗಿಲ್ಲ. ತಕರಾರು ನಾ ಬರದೇನಿ, ಗಟ್ಟಿಯಾಗಿ ಬರದೇನಿ. ನಿಮ್ಮ ಮಾತು ನಂಬಿ.”

ಅವನು ತಲೆ ತಗ್ಗಿಸಿದ. ಹೊಡೆದವನು ಇವನಲ್ಲ, ಅದು ನನಗೆ ಗೊತ್ತಿತ್ತು. ಡಾಕ್ಟರ ಲೆಕ್ಕದಲ್ಲಿ ಪೆಟ್ಟು ಬಿದ್ದದ್ದು ಹನ್ನೊಂದರ ಸುಮಾರಿಗೆ. ಅವತ್ತು ಇವನು ಎರಡು ಗಂಟೆಯವರೆಗೆ ಸಿಂದಗಿ ಕೋರ್ಟಿನಲ್ಲಿ ವಾದ ಮಾಡುತ್ತಿದ್ದ. ನಾನೇ ಖಾತ್ರಿ ಮಾಡಿಕೊಂಡಿದ್ದೆ. ಇಜಾಜನ ಕಣ್ಣಿಗೆ ಮಾಸ್ತರರು ಬಿದ್ದದ್ದು ಸಂಜೆ ಐದಕ್ಕೆ. ಎರಡರಿಂದ ಐದರ ನಡುವೆ ಅಪ್ಪನನ್ನು ಬಾವಿಯ ತನಕ ಹೊತ್ತವರು ಯಾರು ಎಂಬುದು ಬೇರೆ ಮಾತು.

ಒಳಗೆ ನಡೆದೆ. ಅಡುಗೆಮನೆಯ ಹೊಸ್ತಿಲಲ್ಲಿ ರುಕ್ಮಿಣೀಬಾಯಿ ನಿಂತಿದ್ದರು. ಅದೇ ಜಾಗ, ಅದೇ ಪ್ಲಾಸ್ಟರ್. ಹಣೆಯ ಮೇಲೆ ಕುಂಕುಮ ಮಾತ್ರ ಇರಲಿಲ್ಲ.

“ಒಳಗ ಮಡಿ ಅದರಿ.”

“ಗೊತ್ತೈತ್ರಿ ಬಾಯಾರ.”

ಬೂಟು ಕಳಚಿದೆ. ಬೆಲ್ಟು ಬಿಚ್ಚಿ ರೇವಪ್ಪನ ಕೈಗೆ ಕೊಟ್ಟೆ. ಮಾಡಬಹುದಾದ ಮರ್ಯಾದೆ ಅಷ್ಟು. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು. ದಾಟಿದೆ.

ಸಣ್ಣ ಕೋಣೆ. ಕಟ್ಟೆಯ ಮೇಲೆ ಗ್ಯಾಸ್, ಮೂಲೆಯಲ್ಲಿ ಮಡಿ ಅಡುಗೆಯ ಮಣ್ಣಿನ ಒಲೆ. ಎಲ್ಲ ಸಾರಿಸಿ ಒರೆಸಿ ಚೊಕ್ಕಟ. ಹದಿನಾಲ್ಕು ದಿನದಲ್ಲಿ ರಕ್ತದ ಕಲೆ ಉಳಿಯುತ್ತದೆಯೇ. ಒಲೆಯ ಬದಿಗೆ ನೆಲದಲ್ಲಿ ಹೂತ ಒಳಕಲ್ಲು. ಅದರೊಳಗೆ ರುಬ್ಬುವ ಗುಂಡು.

ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತೆ.

ಒಳಕಲ್ಲಿನ ಕುಳಿ ನೂರು ವರ್ಷದ್ದಿರಬೇಕು, ಕೈಯಾಡಿಸಿದರೆ ಬೆಣ್ಣೆಯ ಹಾಗೆ ನುಣುಪು. ಗುಂಡು ಮಾತ್ರ ಕಲ್ಲುಕುಟಿಗನ ಚಾಣದ ಗುರುತೂ ಅಳಿಯದ ಹೊಸ ಕಲ್ಲು. ತಿರುಗಿಸಿದೆ. ಕುಳಿಗೆ ಕೂಡಲಿಲ್ಲ, ಟಕ್ ಟಕ್ ಎಂದು ಬಡಿಯಿತು. ಬಾಗೇವಾಡಿಯಲ್ಲಿ ನಮ್ಮವ್ವ ಹೊನ್ನವ್ವನೂ ಒಳಕಲ್ಲಿನಲ್ಲೇ ಖಾರ ಅರೆದವಳು. ಕುಳಿ ಸವೆದಂತೆ ಗುಂಡೂ ಸವೆದು ಎರಡೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಯಾರೂ ಗುಂಡೊಂದನ್ನೇ ಬದಲು ಮಾಡುವುದಿಲ್ಲ.

“ಹಳೇ ಗುಂಡು ಎಲ್ಲೆ ಐತ್ರಿ?”

ನನ್ನ ಬೆನ್ನಿಗೇ ಬಂದು ಹೊಸ್ತಿಲ ಆಚೆ ನಿಂತಿದ್ದ ಕೌಸ್ತುಭ ಕಿಟಕಿಯತ್ತ ನೋಡಿದ. ಕಿಟಕಿಯಾಚೆ ಹೊಲ, ಹೊಲದ ತುದಿಗೆ ಬಾವಿ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ.

“ಹೊಡದಾಕಿ ನಾನು,” ಎಂದರು ರುಕ್ಮಿಣೀಬಾಯಿ. “ಬರಕೋರಿ.”

“ಆಯಿ,” ಎಂದ ಕೌಸ್ತುಭ.

“ನೀ ಸುಮ್ಮನಿರು. ನಲವತ್ತಾರು ವರ್ಷ ಸಂಸಾರಾ ಮಾಡೇನಿ. ಸಿಟ್ಟು ಬಂತು, ಹೊಡದೆ. ಬರಕೋರಿ ಮ್ಯಾಡಮ್, ಆ ಹುಡುಗನ್ನ ಬಿಟ್ಟು ಬಿಡ್ರಿ.”

ಅವರ ಬಲಗೈ ನೋಡಿದೆ. ಪ್ಲಾಸ್ಟರಿನ ಅಂಚಿನಿಂದ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಪೆನ್ನಿನಿಂದ ಬರೆದ ತಾರೀಖು ಇನ್ನೂ ಅಳಿಸಿರಲಿಲ್ಲ. ಕೊಲೆಗಿಂತ ಎಂಟು ದಿನ ಮುಂಚಿನದು.

ಮುಂದೆ ನಾನು ಮಾಡಿದ್ದು ನನಗೇ ಹಿಡಿಸಲಿಲ್ಲ. ಬೇರೆ ದಾರಿಯೂ ಕಾಣಲಿಲ್ಲ.

“ಈ ಗುಂಡು ಒಮ್ಮೆ ಎತ್ತಿ ತೋರಸ್ರಿ ಬಾಯಾರ.”

ಆ ಮುದುಕಿ ಸೆರಗು ಸಿಕ್ಕಿಸಿಕೊಂಡು ಕೂತರು. ಎಡಗೈ ಹಾಕಿ ಎಳೆದರು. ಗುಂಡು ಕುಳಿಯಲ್ಲೇ ಹೊರಳಿತು. ಪ್ಲಾಸ್ಟರಿನ ಕೈಯನ್ನೂ ಒತ್ತುಕೊಟ್ಟು ಇನ್ನೊಮ್ಮೆ ಎಳೆದರು. ನೋವಿಗೆ ಮುಖ ಬಿಳಿಚಿತು, ಗುಂಡು ಮೇಲೆ ಬರಲಿಲ್ಲ. ಮೂರನೆಯ ಸಲ ಕೈ ಚಾಚುವಾಗ ನಾನೇ ಆ ಕೈ ಹಿಡಿದುಕೊಂಡೆ. ಹೊಸ್ತಿಲಲ್ಲಿ ಮಗ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

“ಸಾಕ್ರಿ,” ಎಂದೆ.

ಅವರು ಅಲ್ಲೇ ಕೂತು ಅತ್ತರು. ಗಂಡ ಸತ್ತ ದಿನವೂ ನನ್ನೆದುರು ಅತ್ತವರಲ್ಲ.

ಆಗ ನನಗೆ ಹೊಳೆಯಿತು. ಮೊದಲ ದಿನವೇ ಹೊಳೆಯಬೇಕಾಗಿದ್ದ ಮಾತು. ಈ ಕೈಯಲ್ಲಿ ಗುಂಡು ಎತ್ತಲು ಬರದವರು ಪಕ್ಷದ ಅಡುಗೆ ಹೇಗೆ ಮಾಡಿದರು? ವಡೆಗೆ ಹಿಟ್ಟು ರುಬ್ಬಿದವರು ಯಾರು?

“ಬಾಯಾರ, ಅವತ್ತು ಮಡೀಲೆ ಈ ಒಲಿ ಮುಂದ ಕೂತಿದ್ದವ್ರು ಯಾರು?”

“ಆಯಿ, ಬ್ಯಾಡ,” ಎಂದ ಕೌಸ್ತುಭ.

ರುಕ್ಮಿಣೀಬಾಯಿ ಮಗನ ಕಡೆ ತಿರುಗಲಿಲ್ಲ. “ಇಜಾಜ ನಮ್ಮ ಹೊರಗಿನ ಕಟ್ಟಿ ಮ್ಯಾಲ ಕೂತು ಅಕ್ಷರಾ ತಿದ್ದಿದಾಂವ. ಅವಲಕ್ಕಿ ಕೊಟ್ರ ಎರಡೂ ಕೈಲೆ ಇಸಕೋತಿದ್ದ. ಅಂವಾ ಆರು ದಿನಾ ಉಂಡಿಲ್ಲ ಅಂದ್ರ ನನಗ ತುತ್ತು ಹೆಂಗ ಇಳೀಬೇಕ್ರಿ?”

ಸೆರಗಿನಿಂದ ಮುಖ ಒರೆಸಿಕೊಂಡರು.

“ವೃಂದಾ ಬಂದಿದ್ಲು,” ಎಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನಿಸಿತು. “ಯಾವ ವೃಂದಾ?”

“ಮುದ್ದೇಬಿಹಾಳದಾಕಿ. ನೀವು ಇವತ್ತು ನೋಡಿ ಬಂದೀರಲ್ಲ, ಆಕಿನಽ.”

ಸಪಕ್ಷ ಅಂದರೆ ಅಡುಗೆಮನೆ ಎಂದು ನನಗೆ ಕಲಿಸಿ, ತಾನೇ ಕೂತಿದ್ದ ಒಲೆಯ ಮುಂದಕ್ಕೆ ನನ್ನನ್ನು ಕಳಿಸಿದವಳು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಸಾಯುವವರೆಗೂ ಈ ಹೊಸ್ತಿಲು ದಾಟುತ್ತಿರಲಿಲ್ಲ.

“ಸುಳ್ಳು,” ಎಂದೆ. “ಈ ಮನಿಗೆ ಬಂದು ಎರಡು ವರ್ಷ ಆತು ಅಂತ ಆಕಿ ನನ್ನ ಮುಂದ ಹೇಳ್ಯಾಳ್ರಿ.”

“ಹೆಂಗ ಹೇಳಿದ್ಲು? ಆಕಿ ಆಡಿದ ಮಾತು ಹೇಳ್ರಿ.”

ಜೇಬಿನಿಂದ ಪುಸ್ತಕ ತೆಗೆದು ಓದಿದೆ. “‘ಶಿಷ್ಯಳಾಗಿ ಆ ಮನಿಗೆ ಹೋಗಿ ಎರಡು ವರ್ಷ ಆತ್ರಿ.’”

ರುಕ್ಮಿಣೀಬಾಯಿ ಹೊಸ ಗುಂಡಿನ ಮೇಲೆ ಎಡಗೈ ಊರಿ ಎದ್ದು ನಿಂತರು. ಮಗನ ಮುಖ ನೋಡಿದರು. ಆಮೇಲೆ ನನ್ನ ಮುಖ.

“ಖರೇನಽ ಹೇಳ್ಯಾಳ. ಊರಿಗೆ ಹೇಳದಽ ಇಂವ ಲಗ್ನಾ ಆಗ್ಯಾನ. ಅವತ್ತ ಆಕಿ ಬಂದಿದ್ದು ಸೊಸಿಯಾಗಿ.”